ವಿಮಾ ಕಂಪನಿಯ ‘ಹತ್ತು ಕೋಟಿ ಠೇವಣಿ’ ಈಗಲೂ ಇದೆಯೇ? ಪಾಲಿಸಿದಾರರ ಹಣಕ್ಕೆ ಆಧಾರ ಯಾವುದು?

ಸಂಘದ_ಕಾರ್ಯದರ್ಶಿ

ಪತ್ತಿನ ಸಹಕಾರ ಸಂಘಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಕರಪತ್ರ ಓಡಾಡುತ್ತಿದೆ. ಅದರಲ್ಲಿರುವ ಮಾತು ಇದು: “ಪ್ರತಿಯೊಂದು ವಿಮಾ ಕಂಪನಿಯೂ ರಿಸರ್ವ್ ಬ್ಯಾಂಕಿನಲ್ಲಿ 10 ಕೋಟಿ ರೂಪಾಯಿ ಠೇವಣಿ ಇಟ್ಟಿರುತ್ತದೆ. ಆದ್ದರಿಂದ ನಿಮ್ಮ ಹಣ ಬ್ಯಾಂಕಿನಲ್ಲಿದ್ದಷ್ಟೇ ಭದ್ರ.” ಸದಸ್ಯರಿಗೆ ಗುಂಪು ವಿಮೆ ಮಾಡಿಸುವ ಮುಂಚೆ ಇದು ನಿಜವೋ ಅಲ್ಲವೋ ಖಾತ್ರಿಯಾಗಬೇಕು. ಬಲ್ಲವರು ಕಾನೂನಿನ ಕಲಂ ಸಮೇತ ತಿಳಿಸಿ.

ಕಲಂ_ಎಂಟು

ಎರಡೂ ವಾಕ್ಯ ತಪ್ಪು. ಮೊದಲನೆಯದು ಹಿಂದೆ ಅರ್ಧ ನಿಜವಾಗಿತ್ತು, ಈಗ ಅದೂ ಇಲ್ಲ.

1938ರ ವಿಮಾ ಕಾಯ್ದೆಯ 7ನೇ ಕಲಂ ಠೇವಣಿಯದ್ದು. 2015ರ ತಿದ್ದುಪಡಿಗೆ ಮುಂಚೆ ಅದು ಹೇಳುತ್ತಿದ್ದುದು ಹೀಗೆ. ಜೀವ ವಿಮಾ ಕಂಪನಿ ಭಾರತದಲ್ಲಿ ಬರೆದ ಒಟ್ಟು ಪ್ರೀಮಿಯಂನ ಶೇ 1ರಷ್ಟನ್ನು ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕು. ಸಾಮಾನ್ಯ ವಿಮಾ ಕಂಪನಿಗೆ ಅದು ಶೇ 3. ಎರಡಕ್ಕೂ ಮೇಲ್ಮಿತಿ 10 ಕೋಟಿ. ಮರುವಿಮಾ ಕಂಪನಿಗೆ, ಅಂದರೆ ವಿಮಾ ಕಂಪನಿಗಳಿಗೇ ವಿಮೆ ಕೊಡುವ ಕಂಪನಿಗೆ, 20 ಕೋಟಿ. ನಗದಾಗಿಯೂ ಇಡಬಹುದಿತ್ತು, ಮಾನ್ಯ ಸಾಲಪತ್ರಗಳ ರೂಪದಲ್ಲೂ ಇಡಬಹುದಿತ್ತು. ಸಾಲಪತ್ರ ಇಟ್ಟರೆ ಬಡ್ಡಿ ಬರುತ್ತದೆಯಾದ್ದರಿಂದ ಕಂಪನಿಗಳು ಸಹಜವಾಗಿ ಅದನ್ನೇ ಇಡುತ್ತಿದ್ದವು. ಹಳೆಯ ವಾರ್ಷಿಕ ವರದಿಗಳಲ್ಲಿ ಹೂಡಿಕೆಯ ಅನುಸೂಚಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಆ ಟಿಪ್ಪಣಿ ಇರುತ್ತಿತ್ತು.

ಅಂದರೆ 10 ಕೋಟಿ ಎಂಬುದು ಮೇಲಿನ ಮಿತಿ, ಎಲ್ಲರೂ ಇಡಲೇಬೇಕಾದ ಮೊತ್ತವಲ್ಲ. ವರ್ಷಕ್ಕೆ 100 ಕೋಟಿ ಪ್ರೀಮಿಯಂ ಇರುವ ಜೀವ ವಿಮಾ ಕಂಪನಿ ಇಡುತ್ತಿದ್ದುದು 1 ಕೋಟಿ ಮಾತ್ರ. 2015ರ ತಿದ್ದುಪಡಿ ಆ ಕಲಮನ್ನೇ ತೆಗೆದುಹಾಕಿತು.

ಕರಾವಳಿ_ಲೆಕ್ಕ

ಅದೇ 7ನೇ ಕಲಮಿನಲ್ಲಿ ಕರಾವಳಿಯವರಿಗೆ ಗುರುತು ಸಿಗುವ ಒಂದು ವಿನಾಯಿತಿಯೂ ಇತ್ತು. ದೇಶಿ ಹಡಗುಗಳು ಮತ್ತು ಅವುಗಳ ಸರಕಿಗೆ ಮಾತ್ರ ವಿಮೆ ಮಾಡುವವರಿಗೆ ಠೇವಣಿ ಬರೀ 1 ಲಕ್ಷ ರೂಪಾಯಿ. ದೇಶಿ ಹಡಗು ಅಂದರೆ ಮಂಗಳೂರು ಕಡೆಯ ಮಂಜಿ, ಪತ್ತೆಮಾರಿಗಳ ಜಾತಿಯವು. ಕಾನೂನು ಬರೆದವರ ಕಣ್ಣಮುಂದೆ ಸಣ್ಣ ಬಂದರಿನ ವ್ಯಾಪಾರವೂ ಇತ್ತು ಎಂಬುದಕ್ಕೆ ಈ ಒಂದು ಸಾಲೇ ಸಾಕ್ಷಿ.

ಕಲಂ_ಎಂಟು

ಹೌದು ಸರ್. ಆದರೆ ಆ ಠೇವಣಿಯ ಜೀವಾಳ ಇದ್ದದ್ದು 7ರಲ್ಲಲ್ಲ, ಪಕ್ಕದ 8ನೇ ಕಲಮಿನಲ್ಲಿ. ಅದರ ಸಾರ ಹೇಳುತ್ತೇನೆ. ಠೇವಣಿ ಕಂಪನಿಯ ಆಸ್ತಿಯೇ, ಆದರೂ ಅದನ್ನು ಯಾರಿಗೂ ವರ್ಗಾಯಿಸುವಂತಿಲ್ಲ, ಅದರ ಮೇಲೆ ಸಾಲ ಎತ್ತುವಂತಿಲ್ಲ. ಪಾಲಿಸಿಗಳಿಂದ ಹುಟ್ಟಿದ ಬಾಕಿ ತೀರುವ ತನಕ ಬೇರೆ ಯಾವ ಬಾಕಿಗೂ ಅದನ್ನು ಮುಟ್ಟುವಂತಿಲ್ಲ. ನ್ಯಾಯಾಲಯದ ಡಿಕ್ರಿ ಹಿಡಿದುಕೊಂಡು ಬಂದರೂ ಜಪ್ತಿಯಿಲ್ಲ. ಒಬ್ಬರಿಗೆ ಮಾತ್ರ ಬಾಗಿಲು ತೆರೆದಿತ್ತು: ಪಾಲಿಸಿಯ ಹಣಕ್ಕಾಗಿ ಡಿಕ್ರಿ ಪಡೆದು, ಬೇರೆ ಯಾವ ದಾರಿಯಲ್ಲೂ ವಸೂಲಾಗದೆ ಉಳಿದ ಪಾಲಿಸಿದಾರರಿಗೆ.

ಕಚೇರಿ ಬಾಡಿಗೆ ಬಾಕಿ, ಜಾಹೀರಾತಿನ ಬಾಕಿ, ಬ್ಯಾಂಕಿನ ಸಾಲ ಎಲ್ಲವೂ ಹೊರಗೆ. ಠೇವಣಿ ಎಂಬ ಪದಕ್ಕೆ ಅರ್ಥ ಬಂದದ್ದು ಈ ಬೇಲಿಯಿಂದ. ಠೇವಣಿ ಇಡದಿದ್ದರೆ ಕಂಪನಿಯನ್ನು ಮುಚ್ಚಿಸಲು ಆಗ ಅದೊಂದೇ ಕಾರಣ ಸಾಕಾಗಿತ್ತು.

ಸಾಲ್ವೆನ್ಸಿ_ಪಟ್ಟಿ

ಬೇಲಿ ಗಟ್ಟಿಯಾಗಿತ್ತು, ಒಪ್ಪುತ್ತೇನೆ. ಒಳಗಿದ್ದ ಬೆಳೆ ಎಷ್ಟು ಎಂದೂ ನೋಡಬೇಕು. ಒಂದು ಕಾಲ್ಪನಿಕ ಆರೋಗ್ಯ ವಿಮಾ ಕಂಪನಿಯ ಲೆಕ್ಕ ಹಾಕೋಣ.

ವರ್ಷದ ಒಟ್ಟು ಪ್ರೀಮಿಯಂ 1,000 ಕೋಟಿ. 300 ಕೋಟಿ ಮರುವಿಮೆಗೆ ಹೋಗಿ ನಿವ್ವಳ 700 ಕೋಟಿ ಉಳಿಯಿತು ಎನ್ನಿ. ಒಟ್ಟು ಕ್ಲೇಮ್ 800 ಕೋಟಿ, ಮರುವಿಮೆಯ ಪಾಲು ಕಳೆದು ನಿವ್ವಳ 560 ಕೋಟಿ.

ಹಳೆಯ ನಿಯಮದ ಪ್ರಕಾರ ಶೇ 3 ಅಂದರೆ 30 ಕೋಟಿ. ಆದರೆ ಮಿತಿ ಇದ್ದುದರಿಂದ ಠೇವಣಿ 10 ಕೋಟಿಗೇ ನಿಂತಿತು. 560 ಕೋಟಿಯನ್ನು 365ರಿಂದ ಭಾಗಿಸಿದರೆ ದಿನಕ್ಕೆ ಒಂದೂವರೆ ಕೋಟಿ. ಹತ್ತು ಕೋಟಿ ಎಂದರೆ ಒಂದು ವಾರದ ಕ್ಲೇಮ್ ಹಣ.

ಈಗಿನ ಲೆಕ್ಕ 64ವಿಎ ಕಲಮಿನದ್ದು, ಸಾಲ್ವೆನ್ಸಿ ಮಾರ್ಜಿನ್, ಅಂದರೆ ಹೊಣೆಗಿಂತ ಹೆಚ್ಚಾಗಿ ಇರಬೇಕಾದ ಆಸ್ತಿ. ಅದನ್ನು ಎರಡು ಕಡೆಯಿಂದ ಅಳೆಯುತ್ತಾರೆ. ಪ್ರೀಮಿಯಂ ಕಡೆಯಿಂದ: ಒಟ್ಟು ಪ್ರೀಮಿಯಂ ಅನ್ನು ಆ ವಿಭಾಗದ ಗುಣಕದಿಂದ ಗುಣಿಸಬೇಕು. ಆರೋಗ್ಯ ವಿಮೆಗೆ 0.75, ಬೆಂಕಿ ವಿಮೆಗೆ 0.5. ಇಲ್ಲಿ 750 ಕೋಟಿ ಬರುತ್ತದೆ. ಅದಕ್ಕೂ ನಿವ್ವಳ 700 ಕೋಟಿಗೂ ಹೋಲಿಸಿ ಹೆಚ್ಚಿನದನ್ನು ಹಿಡಿದು ಅದರ ಶೇ 20 ತೆಗೆದರೆ 150 ಕೋಟಿ. ಕ್ಲೇಮ್ ಕಡೆಯಿಂದ: 800ರ 0.75 ಪಾಲು 600, ನಿವ್ವಳ 560, ಹೆಚ್ಚಿನದು 600. ಅದರ ಶೇ 30 ಅಂದರೆ 180 ಕೋಟಿ. ಎರಡರಲ್ಲಿ ದೊಡ್ಡದು 180. ಬೇಕಾದ ಸಾಲ್ವೆನ್ಸಿ ಮಾರ್ಜಿನ್ ಅದೇ.

ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಇಟ್ಟಿರುವ ಗೆರೆ ಇದರ ಒಂದೂವರೆ ಪಟ್ಟು. ಅಂದರೆ ಎಲ್ಲ ಹೊಣೆ ಕಳೆದ ಮೇಲೆ 270 ಕೋಟಿ ರೂಪಾಯಿಯ ಆಸ್ತಿ ಹೆಚ್ಚುವರಿಯಾಗಿ ಉಳಿದಿರಬೇಕು. ಅಲ್ಲಿ ಹತ್ತು ಕೋಟಿ, ಇಲ್ಲಿ ಇನ್ನೂರ ಎಪ್ಪತ್ತು. ಠೇವಣಿ ಹೋಯಿತು ಎಂದು ಕೊರಗುವವರು ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಲಿ.

(ಜೀವ ವಿಮೆಗೆ ಸೂತ್ರ ಬೇರೆ. ಅಲ್ಲಿ ಆಕ್ಚುರಿ, ಅಂದರೆ ವಿಮಾ ಗಣಿತಜ್ಞ, ಲೆಕ್ಕಹಾಕಿದ ಮೀಸಲಿನ ಒಂದಂಶ, ಜೊತೆಗೆ ಕಂಪನಿಯ ತಲೆಮೇಲಿರುವ ನಿವ್ವಳ ವಿಮಾ ಮೊತ್ತದ ಒಂದಂಶ ಸೇರುತ್ತವೆ. 1.5ರ ಗೆರೆ ಅದಕ್ಕೂ ಇದೆ.)

ಕಲಂ_ಎಂಟು

ಲೆಕ್ಕ ಸರಿಯಾಗಿದೆ ಸರ್. ಆದರೆ 270 ಕೋಟಿ ಇರುವುದು ಎಲ್ಲಿ? ಕಂಪನಿಯ ಸ್ವಂತ ಲೆಕ್ಕಪುಸ್ತಕದಲ್ಲಿ. ಹತ್ತು ಕೋಟಿ ಇದ್ದದ್ದು ರಿಸರ್ವ್ ಬ್ಯಾಂಕಿನಲ್ಲಿ, ಕಂಪನಿಯ ಕೈಗೆಟುಕದ ಜಾಗದಲ್ಲಿ. ಒಂದು ಅಂದಾಜು, ಇನ್ನೊಂದು ವಸ್ತು. ಮುಂದೆ ಬರಲಿರುವ ಕ್ಲೇಮ್‌ಗಳನ್ನು ಕಡಿಮೆ ಅಂದಾಜು ಮಾಡಿದರೆ ಸಾಲ್ವೆನ್ಸಿ ಅನುಪಾತ (ಇರುವ ಹೆಚ್ಚುವರಿ ಆಸ್ತಿ ಬೇಕಾದ ಮಾರ್ಜಿನ್‌ನ ಎಷ್ಟು ಪಟ್ಟು ಎಂಬುದು) ತಾನೇ ಮೇಲೇರುತ್ತದೆ. ಠೇವಣಿಯಲ್ಲಿ ಹಾಗೆ ಮಾಡಲು ಬರುತ್ತಿರಲಿಲ್ಲ.

ಸಾಲ್ವೆನ್ಸಿ_ಪಟ್ಟಿ

ಆ ಅಪಾಯ ನಿಜವಾದದ್ದು, ಅಲ್ಲಗಳೆಯುವುದಿಲ್ಲ. ಅದು ಹೆಚ್ಚಾಗಿ ಕಾಣುವುದು ಮೋಟಾರು ಮೂರನೇ ವ್ಯಕ್ತಿಯ ವಿಮೆಯಲ್ಲಿ. ಅಪಘಾತ ಇವತ್ತು, ಎಂಎಸಿಟಿ (ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ) ತೀರ್ಪು ಎಷ್ಟೋ ವರ್ಷದ ಮೇಲೆ, ಅದರ ಮೇಲೆ ಹೈಕೋರ್ಟ್ ಮೇಲ್ಮನವಿ, ಬಡ್ಡಿ ಬೇರೆ. ಪ್ರೀಮಿಯಂ ಪಡೆದ ವರ್ಷದಲ್ಲಿ ಆ ಖರ್ಚನ್ನು ಅಂದಾಜಿನಿಂದಲೇ ಬರೆಯಬೇಕು. ಅಂದಾಜು ಪ್ರತಿವರ್ಷ ಶೇ 5ರಷ್ಟು ತಪ್ಪಿದರೂ ಹತ್ತು ವರ್ಷದಲ್ಲಿ ದೊಡ್ಡ ಗುಂಡಿ ಬೀಳುತ್ತದೆ.

ಅದಕ್ಕೇ ಆಸ್ತಿಯ ಕಡೆ ಬಿಗಿ ಮಾಡಿದ್ದಾರೆ. ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿ ಎಂದು ತೋರಿಸಿದ್ದೆಲ್ಲ ಸಾಲ್ವೆನ್ಸಿಗೆ ಲೆಕ್ಕಕ್ಕೆ ಬರುವುದಿಲ್ಲ. ಏಜೆಂಟರಿಂದ ಬರಬೇಕಾದ ಬಾಕಿ 30 ದಿನದಲ್ಲಿ ವಸೂಲಾಗದಿದ್ದರೆ ಅದರ ಬೆಲೆ ಸೊನ್ನೆ. ಮರುವಿಮೆದಾರರ ಬಾಕಿಯೂ ನಿಗದಿತ ಅವಧಿ ದಾಟಿದರೆ ಸೊನ್ನೆ. ಮೇಜು, ಕುರ್ಚಿ, ಸ್ಟೇಷನರಿ, ಕಂಪನಿ ಸ್ಥಾಪನೆಯ ಖರ್ಚು, ಮುಂದೂಡಿದ ಖರ್ಚು, ಎಲ್ಲಕ್ಕೂ ಸೊನ್ನೆ. ಹೊಳೆಯುವ ಗಾಜಿನ ಕಚೇರಿಯ ಒಳಗಿನ ಪೀಠೋಪಕರಣ ಪಾಲಿಸಿದಾರರ ರಕ್ಷಣೆಯ ಲೆಕ್ಕದಲ್ಲಿ ಒಂದು ಪೈಸೆಯೂ ಅಲ್ಲ. ಈ ನಿಯಮ ನನಗೆ ಬಹಳ ಮೆಚ್ಚುಗೆ. ಬೆಳೆ ವಿಮೆಯಂಥ ಸರ್ಕಾರಿ ಯೋಜನೆಗಳ ಪ್ರೀಮಿಯಂ ಬಾಕಿಗೆ ಮಾತ್ರ ಹೆಚ್ಚು ಕಾಲಾವಕಾಶ ಇದೆ. ಆ ಹಣ ಸರ್ಕಾರದಿಂದ ತಡವಾಗಿ ಬಂದರೂ ಬರುತ್ತದೆ ಎಂಬ ಕಾರಣಕ್ಕೆ.

ಹುಬ್ಬಳ್ಳಿ_ವಕೀಲ

ಬೇಲಿ ಇಲ್ಲದ ಕಡೆ ಏನಾಗತದ ಅನ್ನೋದಕ್ಕ ಉದಾಹರಣೆ ನಮ್ಮ ಬಸ್ ನಿಲ್ದಾಣದಾಗ ಅದ. ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಪ್ರಕಾರ ಸರ್ಕಾರಿ ಸಾರಿಗೆ ಸಂಸ್ಥೆಗೆ ಕಡ್ಡಾಯ ವಿಮೆಯಿಂದ ವಿನಾಯಿತಿ ಕೊಡಬಹುದು. ಷರತ್ತು ಏನಂದ್ರ, ಮೂರನೇ ವ್ಯಕ್ತಿಯ ಪರಿಹಾರಕ್ಕ ಒಂದು ನಿಧಿ ಇಟ್ಟು ನಡಸಬೇಕು. ವಿಮಾ ಕಂಪನಿ ಇಲ್ಲ, ನಿಧಿಯೇ ಠೇವಣಿ ಇದ್ದಂಗ.

ಪರಿಹಾರದ ಹಣ ಹೊತ್ತಿಗೆ ಸರಿಯಾಗಿ ಕಟ್ಟದಿದ್ದಾಗ ಅಮಲ್ಜಾರಿ ಅರ್ಜಿ ಬೀಳತದ, ಕೋರ್ಟಿನ ಅಮೀನರು ನಿಲ್ದಾಣಕ್ಕ ಬಂದು ಬಸ್ ಜಪ್ತಿ ಮಾಡತಾರ. ರಾಜ್ಯದ ಸಾರಿಗೆ ನಿಗಮಗಳ ಬಸ್ ಹಿಂಗ ಜಪ್ತಿ ಆದ ಸುದ್ದಿ ಪತ್ರಿಕೆಯೊಳಗ ಆಗಾಗ ಬರತಾವ. ಪ್ರಯಾಣಿಕರು ಇಳದು ಬೇರೆ ಬಸ್ ಹತ್ತಬೇಕು, ಸತ್ತವರ ಮನಿಯವರಿಗೆ ಹಣ ಇನ್ನೂ ಬಂದಿರೂದಿಲ್ಲ. ನಿಧಿ ಕಾಗದದ ಮ್ಯಾಲೆ ಇದ್ದರ ಸಾಲದು, ಬ್ಯಾರೆಯವರ ಕೈಯಾಗ, ಬ್ಯಾರೆ ಖಾತೆಯಾಗ ಇರಬೇಕು.

ಸಂಘದ_ಕಾರ್ಯದರ್ಶಿ

ಇದು ಚೆನ್ನಾಗಿ ಅರ್ಥವಾಯಿತು. ಹಾಗಾದರೆ ಈಗ ಜೀವ ವಿಮೆಯ ಹಣಕ್ಕೆ ಬೇಲಿಯೇ ಇಲ್ಲವೇ?

ನಿಧಿ_ಪಾಲಕಿ

ಇದೆ. 10ನೇ ಕಲಂ. ಜೀವ ವಿಮೆಯ ಎಲ್ಲ ಆದಾಯವೂ ‘ಜೀವ ವಿಮಾ ನಿಧಿ’ ಎಂಬ ಪ್ರತ್ಯೇಕ ನಿಧಿಗೆ ಹೋಗಬೇಕು. ಆ ನಿಧಿ ಪೂರ್ತಿಯಾಗಿ ಜೀವ ವಿಮೆ ಪಾಲಿಸಿದಾರರ ಭದ್ರತೆ. ಕಂಪನಿಯ ಬೇರೆ ವ್ಯವಹಾರದ ಹೊಣೆಗೆ ಅದನ್ನು ನೇರವಾಗಿಯೂ ಬಳಸುವಂತಿಲ್ಲ, ಸುತ್ತುದಾರಿಯಲ್ಲೂ ಬಳಸುವಂತಿಲ್ಲ. ಠೇವಣಿಗಿಂತ ಈ ಕಲಂ ಎಷ್ಟೋ ಪಾಲು ದೊಡ್ಡದು, ಏಕೆಂದರೆ ಬೇಲಿಯೊಳಗೆ ಇಡೀ ನಿಧಿಯೇ ಇದೆ.

ಆ ಹಣವನ್ನು ಎಲ್ಲಿ ಹೂಡಬಹುದು ಎಂಬುದಕ್ಕೂ ಕಟ್ಟು ಇದೆ. ಜೀವ ವಿಮಾ ನಿಧಿಯ ಕನಿಷ್ಠ ಶೇ 25 ಕೇಂದ್ರ ಸರ್ಕಾರದ ಸಾಲಪತ್ರಗಳಲ್ಲಿ ಇರಬೇಕು. ರಾಜ್ಯ ಸರ್ಕಾರದ ಮತ್ತು ಇತರ ಮಾನ್ಯ ಸಾಲಪತ್ರ ಸೇರಿ ಶೇ 50ಕ್ಕೆ ಕಡಿಮೆಯಾಗಬಾರದು. ಸಾಮಾನ್ಯ ವಿಮೆಗೆ ಈ ಗೆರೆ ಶೇ 20 ಮತ್ತು ಶೇ 30. ಪಾಲಿಸಿದಾರರ ಹಣವನ್ನು ದೇಶದ ಹೊರಗೆ ಹೂಡುವುದನ್ನು 27ಇ ಕಲಂ ನಿಷೇಧಿಸುತ್ತದೆ. ಸಾಲಪತ್ರಗಳು ಕಸ್ಟೋಡಿಯನ್ (ಅವನ್ನು ಕಾಪಾಡುವ ಸಂಸ್ಥೆ) ಬಳಿ ಇರುತ್ತವೆ. ನಿರ್ವಹಿಸುವ ಆಸ್ತಿ 1,000 ಕೋಟಿ ದಾಟಿದ ಕಂಪನಿಯ ಹೂಡಿಕೆ ವ್ಯವಹಾರಕ್ಕೆ ಚಾರ್ಟರ್ಡ್ ಅಕೌಂಟೆಂಟ್ ಸಂಸ್ಥೆಯಿಂದ ನಡೆಯುತ್ತಿರುವಾಗಲೇ ಲೆಕ್ಕಪರಿಶೋಧನೆ ಆಗಬೇಕು.

ಯುಲಿಪ್ (ಹಣವನ್ನು ಮಾರುಕಟ್ಟೆಯಲ್ಲಿ ಹೂಡುವ ಜೀವ ವಿಮೆ) ಇದ್ದರೆ ಪ್ರತಿಯೊಂದು ಫಂಡಿಗೂ ಯುಎಲ್‌ಐಎಫ್ ಎಂದು ಶುರುವಾಗುವ ಗುರುತಿನ ಸಂಖ್ಯೆ ಇರುತ್ತದೆ. ವರ್ಷದ ಸ್ಟೇಟ್‌ಮೆಂಟಿನಲ್ಲಿ ಫಂಡಿನ ಹೆಸರಿನ ಪಕ್ಕದಲ್ಲೇ ನೋಡಿ. ಆ ಫಂಡಿನ ಆಸ್ತಿ ಆ ಫಂಡಿಗೇ ಸೇರಿದ್ದು. ಮಾರುಕಟ್ಟೆ ಕುಸಿದರೆ ನಷ್ಟ ನಿಮ್ಮದೇ, ಅದು ಬೇರೆ ಮಾತು.

ಕಲಂ_ಎಂಟು ಅವರ ಮಾತಿನಲ್ಲಿ ಒಂದನ್ನು ಒಪ್ಪಲೇಬೇಕು. 10ನೇ ಕಲಮಿನ ಈ ಪೂರ್ಣ ಭದ್ರತೆಯ ಮಾತು ಜೀವ ವಿಮೆಗೆ ಮಾತ್ರ ಇದೆ. ಸಾಮಾನ್ಯ ಮತ್ತು ಆರೋಗ್ಯ ವಿಮೆಯಲ್ಲಿ ಪಾಲಿಸಿದಾರರ ನಿಧಿ, ಷೇರುದಾರರ ನಿಧಿ ಎಂದು ಹೂಡಿಕೆಯನ್ನು ವಿಂಗಡಿಸಿ ತೋರಿಸುತ್ತಾರೆ, ಆದರೆ ಅಷ್ಟು ಗಟ್ಟಿಯಾದ ಶಬ್ದಗಳು ಕಾಯ್ದೆಯಲ್ಲಿಲ್ಲ. ಠೇವಣಿ ತೆಗೆದಾಗ ಹೆಚ್ಚು ಕಳೆದುಕೊಂಡವರು ಆ ಪಾಲಿಸಿದಾರರೇ.

ಮೈಸೂರು_ದಫ್ತರ

ಕರಪತ್ರದ ಎರಡನೆಯ ವಾಕ್ಯ ಇನ್ನೂ ಅಪಾಯಕಾರಿ. ಬ್ಯಾಂಕಿನ ಠೇವಣಿಗೆ ಠೇವಣಿ ವಿಮಾ ನಿಗಮ ಡಿಐಸಿಜಿಸಿಯ 5 ಲಕ್ಷದ ವಿಮೆ ಇದೆ, 2020ರ ಫೆಬ್ರವರಿ 4ರಿಂದ. ವಿಮಾ ಪಾಲಿಸಿಗೆ ಭಾರತದಲ್ಲಿ ಅಂಥ ಖಾತರಿ ನಿಧಿ ಇಲ್ಲ. “ಬ್ಯಾಂಕಿನಲ್ಲಿದ್ದಷ್ಟೇ” ಎನ್ನುವ ಹೋಲಿಕೆಯೇ ನಿಲ್ಲುವುದಿಲ್ಲ.

ಕಾಯ್ದೆಯಲ್ಲೇ ಲಿಖಿತ ಸರ್ಕಾರಿ ಖಾತರಿ ಇರುವುದು ಎಲ್‌ಐಸಿಗೆ. 1956ರ ಎಲ್‌ಐಸಿ ಕಾಯ್ದೆಯ 37ನೇ ಕಲಂ ಪ್ರಕಾರ ವಿಮಾ ಮೊತ್ತಕ್ಕೂ ಘೋಷಿಸಿದ ಬೋನಸ್ಸಿಗೂ ಕೇಂದ್ರ ಸರ್ಕಾರ ಹೊಣೆ. ಅದು ಸುಮ್ಮನೆ ಬಂದದ್ದಲ್ಲ. 1956ರ ಜನವರಿಯಲ್ಲಿ ರಾಷ್ಟ್ರೀಕರಣ ಘೋಷಿಸಿದಾಗ ಹಣಕಾಸು ಸಚಿವ ಸಿ.ಡಿ. ದೇಶಮುಖ್ ಕೊಟ್ಟ ಕಾರಣಗಳಲ್ಲಿ ಒಂದು: ಹಿಂದಿನ ಹತ್ತು ವರ್ಷಗಳಲ್ಲಿ 25 ಜೀವ ವಿಮಾ ಕಂಪನಿಗಳು ಸಮಾಪನೆಗೆ (ಕಂಪನಿ ಮುಚ್ಚಿ ಲೆಕ್ಕ ತೀರಿಸುವುದಕ್ಕೆ) ಹೋಗಿದ್ದವು, ಇನ್ನೂ 25 ಕಂಪನಿಗಳ ವ್ಯವಹಾರವನ್ನು ಪಾಲಿಸಿದಾರರಿಗೆ ನಷ್ಟವಾಗುವಂತೆ ಬೇರೆಯವರಿಗೆ ವರ್ಗಾಯಿಸಬೇಕಾಗಿ ಬಂದಿತ್ತು. ಆಗಲೂ 1938ರ ಕಾಯ್ದೆಯ ಠೇವಣಿ ಇತ್ತು ಎಂಬುದನ್ನು ಮರೆಯಬಾರದು. ಠೇವಣಿ ಇದ್ದೂ ಐವತ್ತು ಕಂಪನಿಗಳು ಹಾಳಾದವು.

ನಮ್ಮಲ್ಲಿ ಸರ್ಕಾರಿ ನೌಕರರ ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) 1891ರಲ್ಲಿ ಮೈಸೂರು ಸರ್ಕಾರ ಶುರುಮಾಡಿದ್ದು. ಅದು ಇಲಾಖೆ, ಕಂಪನಿಯಲ್ಲ. ಬಾಕಿ ನೇರವಾಗಿ ರಾಜ್ಯ ಸರ್ಕಾರದ್ದು. ಈ ಚರ್ಚೆಯ ಠೇವಣಿ, ಸಾಲ್ವೆನ್ಸಿ ಲೆಕ್ಕಗಳನ್ನು ಅದಕ್ಕೆ ಹಚ್ಚುವುದು ಬೇಡ.

ಡಲ್ಲಾಸ್_ಕನ್ನಡಿಗ

ಇಲ್ಲಿ ಅಮೆರಿಕದಲ್ಲಿ ಎರಡೂ ಇವೆ, ಠೇವಣಿಯೂ ಖಾತರಿ ನಿಧಿಯೂ. ವಿಮೆ ಇಲ್ಲಿ ರಾಜ್ಯಗಳ ವಿಷಯ. ಕಂಪನಿ ತನ್ನ ತವರು ರಾಜ್ಯದಲ್ಲಿ ಇಡುವ ಸಾಮಾನ್ಯ ಠೇವಣಿ ದೇಶದ ಎಲ್ಲ ಪಾಲಿಸಿದಾರರಿಗೆ ಸೇರಿದ್ದು. ಕೆಲವು ರಾಜ್ಯಗಳು ಅದರ ಮೇಲೆ ವಿಶೇಷ ಠೇವಣಿ ಕೇಳುತ್ತವೆ, ಅದು ಆ ರಾಜ್ಯದ ಪಾಲಿಸಿದಾರರಿಗೆ ಮಾತ್ರ. ಕಂಪನಿ ಮುಳುಗಿದಾಗ ಇದರಿಂದ ತಕರಾರು ಬರುತ್ತದೆ: ಒಂದು ರಾಜ್ಯದವರಿಗೆ ಪೂರ್ತಿ ಸಿಕ್ಕಿ, ಪಕ್ಕದ ರಾಜ್ಯದವರು ಸಾಮಾನ್ಯ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಅದಕ್ಕೇ ಐವತ್ತು ರಾಜ್ಯಗಳಲ್ಲೂ ಗ್ಯಾರಂಟಿ ಅಸೋಸಿಯೇಷನ್ ಇದೆ. ಹೆಚ್ಚಿನ ರಾಜ್ಯಗಳಲ್ಲಿ ಮರಣ ಪರಿಹಾರಕ್ಕೆ 3 ಲಕ್ಷ ಡಾಲರ್, ಪಾಲಿಸಿಯ ನಗದು ಮೌಲ್ಯಕ್ಕೆ 1 ಲಕ್ಷ ಡಾಲರ್ ತನಕ ರಕ್ಷಣೆ. ಹಣ ತುಂಬುವವರು ಉಳಿದ ವಿಮಾ ಕಂಪನಿಗಳು. ಇಲ್ಲಿ ಏಜೆಂಟರು ಈ ಖಾತರಿಯನ್ನು ಪಾಲಿಸಿ ಮಾರಲು ಜಾಹೀರಾತಾಗಿ ಬಳಸುವುದಕ್ಕೆ ನಿಷೇಧವಿದೆ. ನಿಮ್ಮ ಕರಪತ್ರ ಓದಿದಾಗ ಅದೇ ನೆನಪಾಯಿತು.

ಕಲಂ_ಎಂಟು

ಕಂಪನಿ ನಿಜಕ್ಕೂ ಸೋತರೆ ಭಾರತದಲ್ಲಿ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಹೆಚ್ಚಿನ ಹೆದರಿಕೆ ಅದರ ಬಗ್ಗೆಯೇ.

ಸಾಲ್ವೆನ್ಸಿ 1.5ರ ಗೆರೆಗಿಂತ ಕೆಳಗಿಳಿದರೆ ಕಂಪನಿ ಸರಿಪಡಿಸುವ ಯೋಜನೆಯನ್ನು ಐಆರ್‌ಡಿಎಐಗೆ ಕೊಡಬೇಕು, ಕಾಲಾವಧಿ ಆರು ತಿಂಗಳು ಮೀರುವಂತಿಲ್ಲ. ಜೀವ ವಿಮಾ ಕಂಪನಿ ಪಾಲಿಸಿದಾರರ ಹಿತಕ್ಕೆ ಧಕ್ಕೆಯಾಗುವಂತೆ ನಡೆಯುತ್ತಿದ್ದರೆ 52ಎ ಕಲಂ ಪ್ರಕಾರ ಆಡಳಿತಾಧಿಕಾರಿ ಬರುತ್ತಾರೆ. ಸಹಾರಾ ಇಂಡಿಯಾ ಲೈಫ್ ವಿಷಯದಲ್ಲಿ 2017ರ ಜೂನ್‌ನಲ್ಲಿ ಹೀಗೇ ಆಯಿತು. 2023ರ ಜೂನ್ 2ರಂದು ಅದರ ಸುಮಾರು 2 ಲಕ್ಷ ಪಾಲಿಸಿಗಳನ್ನು ಎಸ್‌ಬಿಐ ಲೈಫ್‌ಗೆ ವರ್ಗಾಯಿಸುವ ಆದೇಶ ಬಂತು, ಅದೇ ತಿಂಗಳು ಮೇಲ್ಮನವಿ ನ್ಯಾಯಮಂಡಳಿ ಆ ಆದೇಶಕ್ಕೆ ತಡೆ ಕೊಟ್ಟಿತು. ಆಡಳಿತಾಧಿಕಾರಿ ನೇಮಕದಿಂದ ವರ್ಗಾವಣೆ ಆದೇಶದ ತನಕ ಆರು ವರ್ಷ ಹಿಡಿಯಿತು ಎಂಬುದನ್ನು ಗಮನಿಸಿ.

ತೀರಾ ಕೊನೆಯ ಮೆಟ್ಟಿಲು ಸಮಾಪನೆ. ಕಾಯ್ದೆಯ 61ನೇ ಕಲಂ ಓದಿದವರು ಕಡಿಮೆ, ಆದರೆ ಓದಬೇಕಾದದ್ದು ಅದನ್ನೇ. ದಿವಾಳಿಯಾದ ವಿಮಾ ಕಂಪನಿಯ ಪಾಲಿಸಿಗಳ ಮೊತ್ತವನ್ನೇ ತಗ್ಗಿಸಲು ಅದು ನ್ಯಾಯಾಲಯಕ್ಕೆ ಅಧಿಕಾರ ಕೊಡುತ್ತದೆ. 10 ಲಕ್ಷದ ಪಾಲಿಸಿ 7 ಲಕ್ಷದ್ದಾಗಿ ಮುಂದುವರಿಯಬಹುದು. ಖಾತರಿ ನಿಧಿ ಇಲ್ಲದ ಕೊರತೆ ಕೈಗೆ ತಾಗುವುದು ಇಲ್ಲಿ. ಠೇವಣಿ ತೆಗೆದದ್ದಕ್ಕಿಂತ ಅದರ ಜಾಗಕ್ಕೆ ಇಂಥ ನಿಧಿ ತಾರದೆ ಹೋದದ್ದು ನನಗೆ ಹೆಚ್ಚು ನೋವಿನ ವಿಷಯ.

ಸಾಲ್ವೆನ್ಸಿ_ಪಟ್ಟಿ

ಈ ಮಾತಿಗೆ ನನ್ನ ಸಹಿ ಇದೆ. ಸರ್ಕಾರಿ ಸಾಮಾನ್ಯ ವಿಮಾ ಕಂಪನಿಗಳನ್ನೇ ನೋಡಿ. ನ್ಯಾಷನಲ್, ಓರಿಯಂಟಲ್, ಯುನೈಟೆಡ್ ಇಂಡಿಯಾ ಮೂರೂ ವರ್ಷಗಟ್ಟಲೆ 1.5ಕ್ಕಿಂತ ಕೆಳಗಿವೆ. 2019-20ರಿಂದ 2021-22ರ ನಡುವೆ ಸರ್ಕಾರ ಅವುಗಳಿಗೆ 17,450 ಕೋಟಿ ಬಂಡವಾಳ ತುಂಬಿತು. ಮಾಲೀಕ ಸರ್ಕಾರ ಆದ್ದರಿಂದ ಕ್ಲೇಮ್ ನಿಂತಿಲ್ಲ, ಆದರೆ ಎಲ್‌ಐಸಿಯ 37ನೇ ಕಲಮಿನಂಥ ಲಿಖಿತ ಖಾತರಿ ಇವಕ್ಕಿಲ್ಲ. ಖಾಸಗಿ ಕಂಪನಿಗೆ ಹಾಗೆ ತುಂಬುವವರು ಯಾರೂ ಇರುವುದಿಲ್ಲ.

ಕಾರ್ಯದರ್ಶಿಯವರೇ, ಗುಂಪು ವಿಮೆಗೆ ಸಹಿ ಹಾಕುವ ಮುಂಚೆ ಕಂಪನಿಯ ಜಾಲತಾಣದಲ್ಲಿ ‘ಪಬ್ಲಿಕ್ ಡಿಸ್‌ಕ್ಲೋಶರ್ಸ್’ ಪುಟ ತೆರೆಯಿರಿ. ಮೂರು ತಿಂಗಳಿಗೊಮ್ಮೆ ಹೊಸ ಕಡತ ಬರುತ್ತದೆ. ಜೀವ ವಿಮೆಯಾದರೆ ಎಲ್-32 ಎಂಬ ನಮೂನೆ ಹುಡುಕಿ, ಸಾಲ್ವೆನ್ಸಿ ಅನುಪಾತ ಅದರ ಕೊನೆಯ ಸಾಲಿನಲ್ಲಿ ಇರುತ್ತದೆ. ಒಂದೇ ತ್ರೈಮಾಸಿಕ ನೋಡಿ ಸಮಾಧಾನ ಪಡಬೇಡಿ, ಎಂಟು ತ್ರೈಮಾಸಿಕದ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. 2.1, 1.9, 1.75, 1.6 ಎಂದು ಇಳಿಯುತ್ತಿದ್ದರೆ, ಇನ್ನೂ ಗೆರೆಯ ಮೇಲಿದ್ದರೂ, ಕಂಪನಿ ತನ್ನ ಬಂಡವಾಳಕ್ಕಿಂತ ವೇಗವಾಗಿ ಪಾಲಿಸಿ ಮಾರುತ್ತಿದೆ ಎಂದರ್ಥ. ಇದ್ದಕ್ಕಿದ್ದಂತೆ ಮೇಲೆ ಹಾರಿದ್ದರೆ ಷೇರು ಬಂಡವಾಳ ಬಂತೋ ಅಥವಾ ಸಬಾರ್ಡಿನೇಟೆಡ್ ಡಿಬೆಂಚರ್ ಎತ್ತಿದರೋ ಎಂದು ನೋಡಿ. ಆ ಸಾಲವೂ ಒಂದು ಮಿತಿಯ ತನಕ ಸಾಲ್ವೆನ್ಸಿಗೆ ಸೇರುತ್ತದೆ. ತೀರಿಸುವಾಗ ಪಾಲಿಸಿದಾರರ ನಂತರವೇ ಆ ಸಾಲ ಕೊಟ್ಟವರ ಸರದಿ, ಆದ್ದರಿಂದ ಅದು ಕೆಟ್ಟದ್ದಲ್ಲ. ಆದರೆ ಬಡ್ಡಿ ಹೊರೆ ಇದೆ, ಅವಧಿಯೂ ಮುಗಿಯುತ್ತದೆ.

ಕರಾವಳಿ_ಲೆಕ್ಕ

ಒಂದು ಸಣ್ಣ ಸೇರ್ಪಡೆ. ಠೇವಣಿ ಪೂರ್ತಿ ಮಾಯವಾಗಿಲ್ಲ, ಬ್ರೋಕರುಗಳಿಗೆ ಇನ್ನೂ ಇದೆ. 2018ರ ನಿಯಮಾವಳಿ ಪ್ರಕಾರ ನೇರ ಬ್ರೋಕರ್ 10 ಲಕ್ಷ ರೂಪಾಯಿಯನ್ನು ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇಡಬೇಕು, ಐಆರ್‌ಡಿಎಐ ಅನುಮತಿ ಇಲ್ಲದೆ ತೆಗೆಯುವಂತಿಲ್ಲ. ಕರಪತ್ರ ಬರೆದವರು ಬ್ರೋಕರ್ ಆಗಿದ್ದರೆ ಅವರ ನೋಂದಣಿ ಸಂಖ್ಯೆ ಕೇಳಿ. ಪ್ರೀಮಿಯಂ ಚೆಕ್ ಮಾತ್ರ ವಿಮಾ ಕಂಪನಿಯ ಹೆಸರಿಗೇ ಇರಲಿ, ಬ್ರೋಕರಿನ ಅಥವಾ ಏಜೆಂಟರ ಹೆಸರಿಗಲ್ಲ. 64ವಿಬಿ ಕಲಂ ಪ್ರಕಾರ ಪ್ರೀಮಿಯಂ ಕಂಪನಿಗೆ ಮುಂಗಡವಾಗಿ ಸಲ್ಲದೆ ಹೊಣೆ ಶುರುವಾಗುವುದಿಲ್ಲ.

ಹುಬ್ಬಳ್ಳಿ_ವಕೀಲ

ಕ್ಲೇಮ್ ತಿರಸ್ಕಾರ ಆದರ ಅದು ಬ್ಯಾರೆ ವಿಷಯ. ಕಂಪನಿ ಗಟ್ಟಿ ಇದ್ದೂ ಹಣ ಕೊಡದಿದ್ದರ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡ್ರಿ. 50 ಲಕ್ಷದ ತನಕ ಅವರ ವ್ಯಾಪ್ತಿ, ಶುಲ್ಕ ಇಲ್ಲ, ವಕೀಲರೂ ಬೇಕಾಗಿಲ್ಲ. ಆದರ ವೈಯಕ್ತಿಕ ದೂರಿಗೆ ಇರೂ ದಾರಿ ಇದು, ಕಂಪನಿಯೇ ಮುಳುಗಿದಾಗ ನೆರವಿಗೆ ಬರೂದಿಲ್ಲ. ಎರಡನ್ನೂ ಕಲಸಬ್ಯಾಡ್ರಿ.

ಸಂಘದ_ಕಾರ್ಯದರ್ಶಿ

ಎಲ್ಲರಿಗೂ ಧನ್ಯವಾದ. ಕರಪತ್ರದ ಆ ಎರಡು ವಾಕ್ಯ ಹೊಡೆದುಹಾಕಿ ಹೀಗೆ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ:

“ವಿಮಾ ಕಂಪನಿಗಳು ರಿಸರ್ವ್ ಬ್ಯಾಂಕಿನಲ್ಲಿ ಠೇವಣಿ ಇಡಬೇಕೆಂಬ ನಿಯಮ 2015ರಲ್ಲಿ ರದ್ದಾಗಿದೆ. ಈಗ ಪ್ರತಿ ಕಂಪನಿಯೂ ಸಾಲ್ವೆನ್ಸಿ ಅನುಪಾತವನ್ನು 1.5ಕ್ಕಿಂತ ಕಡಿಮೆಯಾಗದಂತೆ ಕಾಯ್ದುಕೊಳ್ಳಬೇಕು. ನಾವು ಆರಿಸಿದ ಕಂಪನಿಯ ಕಳೆದ ಎಂಟು ತ್ರೈಮಾಸಿಕಗಳ ಅನುಪಾತ ಈ ಕೆಳಗಿದೆ. ಬ್ಯಾಂಕ್ ಠೇವಣಿಗೆ ಇರುವ 5 ಲಕ್ಷದ ರಕ್ಷಣೆ ವಿಮಾ ಪಾಲಿಸಿಗೆ ಇರುವುದಿಲ್ಲ.”

ಕಲಂ_ಎಂಟು

‘ಪ್ರತಿ ಕಂಪನಿಯೂ’ ಎಂಬಲ್ಲಿ ‘ಐಆರ್‌ಡಿಎಐ ನೋಂದಣಿ ಇರುವ ಪ್ರತಿ ಕಂಪನಿಯೂ’ ಎಂದು ಮಾಡಿ. ಉಳಿದದ್ದು ಹಾಗೇ ಇರಲಿ.